ರೊಟ್ಟಿ ಉಂಡ ಕೌದಿ

ಹಾಲೆಂಡಿಗೆ ಹೋಗಿ ಬಂದವರನ್ನು ನಮ್ಮ ಕಡೆಯ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಗಾಳಿಯಂತ್ರ ನೋಡಿದಿರೇನು, ಟ್ಯೂಲಿಪ್ ಹೂವಿನ ಹೊಲ ನೋಡಿದಿರೇನು. ನಾನು ಎರಡನ್ನೂ ನೋಡಲಿಲ್ಲ. ಹೂವು ಅರಳುವ ಕಾಲ ಅದಾಗಿರಲಿಲ್ಲ, ಗಾಳಿಯಂತ್ರ ಊರಾಚೆ ಎಲ್ಲೋ ದೂರದಲ್ಲಿತ್ತು. ನಾನು ನೋಡಿದ್ದು ಸಾಬೂನಿನ ಡಬ್ಬಿ, ಸಾರಿನ ಡಬ್ಬಿ, ಆಮೇಲೆ ಒಂದು ದೊಡ್ಡ ಗಾಜಿನ ಬಾಗಿಲು. ಆ ಬಾಗಿಲ ಮುಂದೆ ನಾನೂ ನಮ್ಮಕ್ಕನೂ ಸೇರಿ ಜಗಳ ತೆಗೆದೆವು. ಜಗಳ ಅನ್ನಬೇಡ, ಭಿನ್ನಾಭಿಪ್ರಾಯ ಅನ್ನು ಎಂದು ನನ್ನ ಗಂಡ ತಿದ್ದುತ್ತಾನೆ. ಅವನು ಅಲ್ಲಿರಲಿಲ್ಲ. ಅದು ಜಗಳವೇ.

ಹುನಗುಂದ

ಅಕ್ಕ ಎಂದರೆ ಗಂಗವ್ವ, ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಇಳಕಲ್ಲಿನಲ್ಲಿ ಹುಟ್ಟಿದವಳು, ಹುನಗುಂದದ ಮನೆಗೆ ಸೊಸೆಯಾಗಿ ಬಂದವಳು, ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವವಳು. ಅಕ್ಕನದು ಕಿರಾಣಿ ಅಂಗಡಿ. ಗಲ್ಲಾದ ಮೇಲೆ ಅವಳು ಕೂಡುತ್ತಾಳೆ, ಭಾವ ಸಾಮಾನು ಕಟ್ಟುತ್ತಾರೆ. ಅವಳ ದನಿ ಎಷ್ಟು ದೊಡ್ಡದೆಂದರೆ, ಅಂಗಡಿಯಲ್ಲಿ ಕೂತು ಬೈದರೆ ಮನೆಯ ಹಿತ್ತಲಲ್ಲಿದ್ದ ಸೊಸೆಗೆ ತಲುಪುತ್ತದೆ.

ಅಂಗಡಿಗೆ ಬರುವ ರವೆಯ ಬಟ್ಟೆಚೀಲಗಳನ್ನು ಅಕ್ಕ ಎಸೆಯುವುದಿಲ್ಲ. ಹೊಲಿಗೆ ಬಿಚ್ಚಿ, ಒಗೆದು, ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತಾಳೆ, ಮುಂದೆ ಕೌದಿಗೆ ಬರುತ್ತವೆಂದು. ಕೌದಿ ಹೊದೆಯದೆ ಬೆಳೆದ ಓದುಗರಿದ್ದರೆ ಅವರಿಗಾಗಿ ಹೇಳುತ್ತೇನೆ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿನ ತನಕ ಕೈಹೊಲಿಗೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ನಡುವಿಗೆ ಬಂದಾಗ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಡುತ್ತೇವೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ಖಡಕ್ ರೊಟ್ಟಿ, ನಾಲ್ಕು ಕಾಳು ಜೋಳ ಇಟ್ಟು ಆಮೇಲೆ ಬಾಯಿ ಮುಚ್ಚುತ್ತೇವೆ. ಕೌದಿಯನ್ನು ಉಪವಾಸ ಬಿಡಬಾರದು. ಉಪವಾಸವಿದ್ದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು, ಅವರ ಅತ್ತೆಯೂ ಅದನ್ನೇ ಹೇಳುತ್ತಿದ್ದರಂತೆ.

ಈ ಕೌದಿಯನ್ನು ಅಕ್ಕ ತನ್ನ ಮಗಳು ನೀಲಾಳಿಗೆ ಹುಟ್ಟಲಿದ್ದ ಚೊಚ್ಚಲ ಕೂಸಿಗೆಂದು ಹೊಲಿದಳು. ಅರ್ಧ ಹೊಲಿಗೆ ನನ್ನದು. ಮೇಲೆಲ್ಲ ಜೋಡಿ ಹುಂಜದ ಛಾಪಿನ ರವೆಯ ಚೀಲಗಳು: ಕೆಂಪು ಜುಟ್ಟಿನ ಹುಂಜಗಳು ಸಾಲಾಗಿ ನಿಂತಿವೆ. ಬಟ್ಟೆ ಉಳಿಸಲು ಅಕ್ಕ ಕೆಲವನ್ನು ತಿರುಗಿಸಿ ಹಚ್ಚಿದ್ದರಿಂದ ಒಂದಿಷ್ಟು ಹುಂಜ ತಲೆಕೆಳಗಾಗಿವೆ. ನಡುನಡುವೆ ಸಾಬೂನು ಪುಡಿಯ ಬ್ಯಾನರಿನ ತುಂಡು, ಸುತ್ತಲೂ ನಮ್ಮತ್ತೆಯ ಇಳಕಲ್ ಸೀರೆಯ ದಡಿ.

ಹೊಲಿದು ಮುಗಿದ ಈ ಕೌದಿ ಕಾಂಪೌಂಡಿನ ಮೇಲೆ ಬಿಸಿಲು ಕಾಯುತ್ತಿದ್ದಾಗ, ಬಾದಾಮಿ ನೋಡಿಕೊಂಡು ಇಳಕಲ್ಲಿಗೆ ಹೊರಟಿದ್ದ ಒಬ್ಬ ವಿದೇಶಿ ಹೆಣ್ಣುಮಗಳು ಕಾರು ನಿಲ್ಲಿಸಿ ಇಳಿದಳು. ಅಂಗಡಿಯ ಲೈಸೆನ್ಸ್ ನೋಡಲು ಬಂದ ಅಧಿಕಾರಿಯೆಂದು ಅಕ್ಕ ತಿಳಿದು ಚಹಾ ತರಿಸಿದಳು. ಅವಳು ಆನ್ನೆಕೆ, ಹಾಲೆಂಡಿನ ಒಂದು ಮ್ಯೂಸಿಯಂನಲ್ಲಿ ಪ್ರದರ್ಶನ ಏರ್ಪಡಿಸುವವಳು. ಮ್ಯೂಸಿಯಂನ ಹೆಸರು ನಾನು ಹೇಳುವುದಿಲ್ಲ. ಪುಕ್ಕಟೆ ಪ್ರಚಾರ ಅವರಿಗೇಕೆ? ಒಂದು ಕೋಣೆಯಲ್ಲಿ ಪಾಪ್ ಆರ್ಟ್, ಪಕ್ಕದ ಕೋಣೆಯಲ್ಲಿ ಅಂಗಡಿ ಸಾಮಾನಿನಿಂದ ಜಗತ್ತಿನ ಹೆಂಗಸರು ಮಾಡಿದ ಹೊದಿಕೆಗಳು, ಹೀಗೊಂದು ಪ್ರದರ್ಶನ ಅವಳ ತಲೆಯಲ್ಲಿತ್ತು. ಈ ಹುಂಜಗಳು ಅಲ್ಲಿಗೆ ಬರಲೇಬೇಕು ಎಂದಳು.

ಅಕ್ಕನಿಗೆ ಮನಸ್ಸಿರಲಿಲ್ಲ. ನಾನು ಎರಡು ದಿನ ಬೆನ್ನು ಹತ್ತಿ ಒಪ್ಪಿಸಿದೆ. ಹೆರಿಗೆಗೆ ಮುಂಚೆ ಕೌದಿ ವಾಪಸ್ಸು ಬರಬೇಕು, ಅದರ ಜೊತೆ ತಾನೂ ನಾನೂ ಹೋಗಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಆನ್ನೆಕೆ ಎರಡಕ್ಕೂ ಹೂಂ ಅಂದಳು.

ಒಂದೇ ಬಿಸ್ಕೀಟಿನ ಊರು

ವಿಮಾನದಲ್ಲಿ ಕೊಟ್ಟ ಹೊದಿಕೆಯನ್ನು ಅಕ್ಕ ಬೆರಳಲ್ಲಿ ಎತ್ತಿ ನೋಡಿ, ಇದು ಮಾವಿನಹಣ್ಣು ಸೋಸುವ ಅರಿವೆ ಎಂದು ಬದಿಗಿಟ್ಟಳು. ತನ್ನ ಕೌದಿ ಬಿಚ್ಚಿ ಹೊದ್ದಳು. ಅದು ದೊಡ್ಡದಾದ್ದರಿಂದ ಅರ್ಧ ನನಗೂ, ಒಂದು ಮೂಲೆ ಪಕ್ಕದ ಸೀಟಿನ ಡಚ್ ಮುದುಕನಿಗೂ ಸಿಕ್ಕಿತು. ಅವನು ಧನ್ಯವಾದ ಹೇಳಿ ಹುಂಜವನ್ನು ಎದೆಯ ತನಕ ಎಳೆದುಕೊಂಡು ಮಲಗಿಬಿಟ್ಟ.

ಇಳಿದ ದಿನವೇ ಕೌದಿಯನ್ನು ಮ್ಯೂಸಿಯಂನವರು ಒಯ್ದರು. ಮೂಲೆಗೆ ನಂಬರಿನ ಚೀಟಿ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದೊಡ್ಡ ಫ್ರೀಜರಿನೊಳಗೆ ಇಟ್ಟರು. ಹುಳ ಇದ್ದರೆ ಸಾಯಲಿ ಎಂದು ಹೊರಗಿನಿಂದ ಬಂದ ಬಟ್ಟೆಗಳಿಗೆಲ್ಲ ಹಾಗೆ ಮಾಡುತ್ತಾರಂತೆ. ಬೆಚ್ಚಗೆ ಇಡುವ ವಸ್ತುವಿಗೇ ಥಂಡಿ ಹಚ್ಚುತ್ತಾರಲ್ಲ ಎಂದು ಅಕ್ಕ ದಾರಿಯುದ್ದಕ್ಕೂ ಗೊಣಗಿದಳು.

ನಾವು ಉಳಿದದ್ದು ಆನ್ನೆಕೆಯ ಮನೆಯಲ್ಲಿ. ಒಳ್ಳೆಯ ಹೆಣ್ಣು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಊರಿನ ಪದ್ಧತಿ ನಮಗೆ ಹಿಡಿಸಲಿಲ್ಲ. ಕಾಫಿಯ ಜೊತೆ ಬಿಸ್ಕೀಟಿನ ಡಬ್ಬಿ ಬಂತು. ಎಲ್ಲರೂ ಒಂದೊಂದು ತೆಗೆದುಕೊಂಡೆವು. ಮುಚ್ಚಳ ಬಿತ್ತು, ಡಬ್ಬಿ ಕಪಾಟಿಗೆ ಹೋಯಿತು. ಅಕ್ಕ ಆ ಕಪಾಟನ್ನೇ ನೋಡುತ್ತ ಕೂತಳು. ನಮ್ಮ ಹುನಗುಂದದಲ್ಲಿ ಸಾಕು ಎಂದ ಮೇಲೆ ಎರಡು ಸಲ ಬಡಿಸುವುದು ಮರ್ಯಾದೆ, ಮೂರನೆಯದು ಪ್ರೀತಿ. ಮರುದಿನ ಅಕ್ಕ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಮೇಜಿನ ನಡುವೆ ಇಟ್ಟಳು, ಮತ್ತೆ ಮುಚ್ಚಲಿಲ್ಲ. ಆನ್ನೆಕೆಯ ಗಂಡ ಕೂತು ತಿಂದ ಪರಿ ನೋಡಿದರೆ ಅವನಿಗೂ ಆ ಮುಚ್ಚಳದ ಮೇಲೆ ಸಿಟ್ಟಿತ್ತೆಂದು ಕಾಣುತ್ತದೆ.

ಇನ್ನೊಂದು ವಿಚಿತ್ರವೆಂದರೆ ಅವರ ಪಾಯಿಖಾನೆಯ ಗೋಡೆಗೆ ಕ್ಯಾಲೆಂಡರ್ ತೂಗಿತ್ತು. ಬಂಧುಬಳಗದ ಹುಟ್ಟಿದ ದಿನಗಳೆಲ್ಲ ಅದರಲ್ಲಿ ಬರೆದಿದ್ದವು. ಮನೆಯಲ್ಲಿ ಎಲ್ಲರೂ ದಿನಾ ತಪ್ಪದೆ ಕೂಡುವ ಜಾಗ ಅದೊಂದೇ ಆದ್ದರಿಂದ ಮರೆಯುವುದಿಲ್ಲ ಎಂದು ಆನ್ನೆಕೆ ವಿವರಿಸಿದಳು. ನಮ್ಮಲ್ಲಿ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ತೂಗುಹಾಕುತ್ತೇವೆ. ವಸ್ತು ಅದೇ, ಮೊಳೆ ಹೊಡೆದ ಗೋಡೆ ಬೇರೆ. ಈ ಮಾತನ್ನು ನಾನು ಆಗ ನಗುತ್ತ ಹೇಳಿದ್ದೆ.

ಡಬ್ಬಿಗಳ ಕೋಣೆ

ಪಾಪ್ ಆರ್ಟ್ ಬಗ್ಗೆ ನಾನು ಎಷ್ಟೋ ವರ್ಷದಿಂದ ಪಾಠ ಮಾಡುತ್ತ ಬಂದಿದ್ದೇನೆ. ಪಠ್ಯಪುಸ್ತಕದಲ್ಲಿ ಚಿತ್ರಗಳು ಅಂಚೆಚೀಟಿಯಷ್ಟೇ, ಅದೂ ಕಪ್ಪುಬಿಳುಪು. ಬಣ್ಣ ಬಣ್ಣ ಎಂದು ನಾನು ಕೂಗುತ್ತಿದ್ದೆ, ಹುಡುಗರು ಬೂದಿಬಣ್ಣ ನೋಡುತ್ತಿದ್ದರು. ಇಲ್ಲಿ ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಹೊಡೆದಂತಾಯಿತು. ಗೋಡೆಯ ತುಂಬ ಸಾರಿನ ಡಬ್ಬಿಗಳ ಚಿತ್ರ, ಸಾಲುಸಾಲಾಗಿ. ಎದುರಿಗೆ ಆಳೆತ್ತರದ ಟೂತ್‌ಪೇಸ್ಟ್. ಮೂಲೆಯಲ್ಲಿ ಸಾಬೂನು ಪುಡಿಯ ಪೆಟ್ಟಿಗೆಗಳು, ಒಂದರ ಮೇಲೊಂದು ಪೇರಿಸಿ ಇಟ್ಟದ್ದು.

ಅಕ್ಕ ಕೇಳಿದಳು, ನಾನು ಹೇಳಿದೆ. ದೊಡ್ಡ ಯುದ್ಧ ಮುಗಿದ ಮೇಲೆ ಇಂಗ್ಲೆಂಡ್, ಅಮೆರಿಕದ ಅಂಗಡಿಗಳು ಡಬ್ಬಿ, ಸೀಸೆ, ಜಾಹೀರಾತುಗಳಿಂದ ತುಂಬಿದವು. ಚಿತ್ರಕಾರರು ಮಾತ್ರ ಇನ್ನೂ ತಮ್ಮ ಒಳಗಿನ ಸಂಕಟವನ್ನೇ ಗೋಡೆಗೆ ಬಳಿಯುತ್ತಿದ್ದರು. ಅವರ ನಂತರ ಬಂದ ಕೆಲವರಿಗೆ ಅದು ಸಾಕಾಯಿತು. ಜನ ದಿನಾ ಕೈಯಲ್ಲಿ ಹಿಡಿಯುವುದು ಡಬ್ಬಿ, ನೋಡುವುದು ಜಾಹೀರಾತು, ಅದನ್ನೇ ಬರೆಯೋಣ ಎಂದರು. ಕುಂಚದ ಗುರುತೇ ಕಾಣದ ಹಾಗೆ ಬರೆದರು. ನಮ್ಮಲ್ಲಿ ಲಗ್ನಪತ್ರಿಕೆಗೆ ಸ್ಕ್ರೀನ್ ಪ್ರಿಂಟ್ ಹಾಕುತ್ತಾರಲ್ಲ, ಅದೇ ಕೆಲಸದಿಂದ ಒಂದೇ ಚಿತ್ರವನ್ನು ಮತ್ತೆ ಮತ್ತೆ ಒತ್ತಿದರು. ಸಣ್ಣದನ್ನು ದೊಡ್ಡದು ಮಾಡಿದರು, ಒಂದನ್ನು ನೂರು ಮಾಡಿದರು. ಅಂಗಡಿಯ ಕಪಾಟನ್ನು ಎತ್ತಿ ತಂದು ದೊಡ್ಡವರ ಗೋಡೆಗೆ ನಿಲ್ಲಿಸಿ, ಈಗ ಇದನ್ನು ನೋಡಿರಿ, ಇದು ಕಲೆಯಲ್ಲ ಎಂದು ಯಾರು ಹೇಳುತ್ತೀರಿ ಹೇಳಿರಿ ಎಂದು ಸವಾಲು ಹಾಕಿದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಅವರ ಮೇಲಿನ ನನ್ನ ಗೌರವ ಈಗಲೂ ಕಡಿಮೆಯಾಗಿಲ್ಲ.

ಅಕ್ಕ ಎಲ್ಲವನ್ನೂ ಅಂಗಡಿಯವಳ ಕಣ್ಣಿಂದ ನೋಡಿದಳು. ಸಾಲು ಚೆನ್ನಾಗಿ ಹಚ್ಚಿದ್ದಾರೆ, ಹೆಸರು ಮುಂದೆ ಬಂದಿದೆ, ಮಾಲು ಎದ್ದು ಕಾಣುತ್ತದೆ ಎಂದು ಮೆಚ್ಚಿದಳು. ಸಾಬೂನಿನ ಪೆಟ್ಟಿಗೆಯ ಹತ್ತಿರ ಹೋಗಿ, ಹೊಸ ಮಾಲು ಬಂದಾಗ ಮಾಡುವ ಹಾಗೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದೂ ಬಿಟ್ಟಳು. ಎಲ್ಲಿದ್ದನೋ ಕಾವಲುಗಾರ ಓಡಿ ಬಂದ. ನಾನು ಕ್ಷಮೆ ಕೇಳುತ್ತಿದ್ದರೆ ಅಕ್ಕ ನನ್ನ ಸೆರಗು ಜಗ್ಗಿದಳು.

"ಖಾಲಿ ಐತಿ," ಅಂದಳು. "ಕಟಗಿ ಪೆಟಗಿ. ಒಳಗ ಏನೂ ಇಲ್ಲ."

ಒಳಗೆ ಇರಬೇಕಿಲ್ಲ, ಪುಡಿ ಬೇರೆ, ಪುಡಿಯ ರೂಪ ಬೇರೆ, ಕಲೆಗೆ ರೂಪ ಸಾಕು ಎಂದು ನಾನು ತರಗತಿಯ ದನಿಯಲ್ಲಿ ಹೇಳಿದೆ. ಅಕ್ಕನ ಅಂಗಡಿಯಲ್ಲಿ ಖಾಲಿ ಪೆಟ್ಟಿಗೆ ಮುಂದಿಡುವುದು ಮೋಸ.

ಬೆಳಕಿನ ಮೇಜು

ಡಬ್ಬಿಗಳ ಕೋಣೆ ಆಗಲೇ ಜನರಿಗೆ ತೆರೆದಿತ್ತು. ಹೊದಿಕೆಗಳ ಕೋಣೆಯ ಉದ್ಘಾಟನೆಯ ಹಿಂದಿನ ದಿನ ನಮ್ಮನ್ನು ಮೇಲಿನ ಮಹಡಿಗೆ ಕರೆದರು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಕೌದಿ ಹಾಸಿದ್ದರು. ಹೊಲಿಗೆಯ ಸುತ್ತುಗಳೆಲ್ಲ ಎದ್ದು ಕಾಣುತ್ತಿದ್ದವು. ನನ್ನದು ಸೊಟ್ಟ, ಅಕ್ಕನದು ನೇರ. ನಡುವಿನಲ್ಲಿ ಒಂದು ಕಪ್ಪು ನೆರಳು. ಆನ್ನೆಕೆ ಅದರ ಮೇಲೆ ಬೆರಳಿಟ್ಟು, ಇದೇನು ಎಂದಳು.

ರೊಟ್ಟಿ ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಆನ್ನೆಕೆಯ ಮುಖ ಮೊದಲು ಅರಳಿತು, ಆಮೇಲೆ ಬಾಡಿತು. ಮ್ಯೂಸಿಯಂನಲ್ಲಿ ತಿನ್ನುವ ವಸ್ತು ಇರುವಂತಿಲ್ಲ. ಫ್ರೀಜರಿನಲ್ಲಿ ಹುಳ ಸತ್ತರೂ ರೊಟ್ಟಿ ಇರುವ ತನಕ ಹೊಸ ಹುಳ ಬರುವ ಭಯ, ಬಂದರೆ ಬೇರೆಯವರ ಹೊದಿಕೆಗಳಿಗೂ ಹತ್ತುತ್ತದೆ. ಆದ್ದರಿಂದ ನಡುವಿನ ಹೊಲಿಗೆ ಬಿಚ್ಚಿ, ರೊಟ್ಟಿ ತೆಗೆದು, ಅದೇ ದಾರದಿಂದ ಮತ್ತೆ ಹೊಲಿಯುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ರೊಟ್ಟಿಯನ್ನು ಸಣ್ಣ ಡಬ್ಬಿಯಲ್ಲಿಟ್ಟು ಜೋಪಾನವಾಗಿ ನಮಗೇ ಕೊಡುತ್ತಾರೆ. ತೆಗೆಯದಿದ್ದರೆ ಗೋಡೆಗೆ ಏರಿಸುವಂತಿಲ್ಲ. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸಣ್ಣ ಕತ್ತರಿ ಆಗಲೇ ಮೇಜಿನ ಮೇಲಿತ್ತು.

ನಾನು ಅಕ್ಕನಿಗೆ ಎಲ್ಲ ತಿಳಿಸಿದೆ. ಅವಳು ಕತ್ತರಿ ನೋಡಿದಳು, ಆನ್ನೆಕೆಯನ್ನು ನೋಡಿದಳು.

"ಕೂಸಿನ ಹೊಟ್ಟಿ ಸೀಳಿ, ಕುಡದ ಹಾಲು ಸೀಸ್ಯಾಗ ಹಾಕಿ ಕೊಡ್ತೇವಂದ್ರ ಯಾರರ ಒಪ್ತಾರೇನು? ಕೇಳು ಆಕಿನ್ನ."

ಕೇಳಿದೆ. ಆನ್ನೆಕೆ ನನ್ನ ಕಡೆ ತಿರುಗಿ, ನೀನು ಕಲೆ ಕಲಿಸುವವಳು, ನಿನಗೆ ಅರ್ಥವಾಗುತ್ತದೆ ಎಂದಳು. ಅಕ್ಕನೂ ನನ್ನ ಕಡೆಗೇ ನೋಡಿದಳು.

"ನೀ ಹೇಳಿದ್ಯಂತ ತಂದೇನಿ. ಈಗೂ ನೀನ ಹೇಳು. ಹೊಟ್ಟಿ ಬಿಚ್ಚಿದ ಕೌದಿನ್ಯಾಗ ನಾ ಕೂಸಿನ್ನ ಹಾಕೂದಿಲ್ಲ. ಅಷ್ಟ."

ಆ ಗೋಡೆ ನನಗೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ? ಯಾರ ಹೆಸರನ್ನು ನಾನು ಬಾಗಲಕೋಟೆಯ ಕಪ್ಪುಹಲಗೆಯ ಮೇಲೆ ಸುಣ್ಣದ ಬಳಪದಿಂದ ಬರೆದು ಬರೆದು ಕಲಿಸಿದ್ದೆನೋ, ಅವರ ಪಕ್ಕದ ಕೋಣೆಯಲ್ಲಿ ನನ್ನ ಹೊಲಿಗೆ. ಕೆಳಗೆ ಫಲಕ ಹಚ್ಚಿಯಾಗಿತ್ತು, ಗಂಗವ್ವ ಮತ್ತು ಸುಮಂಗಲಾ ಎಂದು, ಹುನಗುಂದ ಎಂದು. ಅದರ ಫೋಟೋ ತೆಗೆದು ಊರಿಗೆ ಕಳಿಸಿಯೂ ಆಗಿತ್ತು. ಒಂದು ಚೂರು ಒಣ ರೊಟ್ಟಿ. ನಾಲ್ಕು ಕಾಳು ಜೋಳ. ಬಿಚ್ಚಲಿ ಬಿಡು, ಊರಿಗೆ ಹೋದ ಮೇಲೆ ಹೊಸ ರೊಟ್ಟಿ ಇಟ್ಟು ಹೊಲಿದರಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಆಗ ಆನ್ನೆಕೆ, ಸಮಾಧಾನಕ್ಕೆಂದೇ, ಒಂದು ಮಾತು ಅಂದಳು. "ಬಳಕೆಯ ವಸ್ತು ಕಲೆಯಾಗಬೇಕಾದರೆ ತನ್ನ ಬಳಕೆಯನ್ನು ಬಿಟ್ಟುಕೊಡಬೇಕಾಗುತ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. ಅನುವಾದ ಮಾಡುವುದನ್ನು ಬಿಟ್ಟು ನನ್ನದೇ ಮಾತು ಶುರುಮಾಡಿದೆ. ಕೆಳಗಿನ ಪೆಟ್ಟಿಗೆಗಳನ್ನು ಮಾಡಿದವರು ತಾವೇ ಮನಸ್ಸು ಮಾಡಿ ಖಾಲಿ ಮಾಡಿದರು, ಅದು ಅವರ ಸವಾಲು, ಅವರ ಹಕ್ಕು. ದಿನಬಳಕೆಯನ್ನು ನಿಮ್ಮ ಗೋಡೆಗೆ ತರಲು ಅವರು ಜಗಳವಾಡಿದರು. ಆ ಜಗಳವನ್ನೇ ಕಾಯಿದೆ ಮಾಡಿಕೊಂಡು ನೀವು ಈಗ ನಮ್ಮ ಹೊಟ್ಟೆಗೆ ಕತ್ತರಿ ಹಾಕುತ್ತೀರಿ. ಈ ಹುಂಜಗಳು ರವೆ ಹೊತ್ತವು, ಆಮೇಲೆ ಕೌದಿಗೆ ಬಂದವು, ನಾಳೆ ಕೂಸನ್ನು ಹೊದಿಸುತ್ತವೆ. ಒಂದು ದಿನವೂ ಕೆಲಸ ಬಿಟ್ಟಿಲ್ಲ, ಆದರೂ ನಿನ್ನ ಕಾರು ನಿಲ್ಲಿಸಿದವು. ಅವು ಕಲೆಯಲ್ಲದಿದ್ದರೆ ನೀನು ಹುನಗುಂದದ ಬಿಸಿಲಿನಲ್ಲಿ ಯಾಕೆ ಇಳಿದೆ? ಹುಳದ ಭಯವಿದ್ದರೆ ಗೋಡೆಗೆ ಹಾಕಬೇಡ, ಅದು ನಿನ್ನ ಮನೆಯ ರೀತಿ, ಒಪ್ಪುತ್ತೇನೆ. ಆದರೆ ಬಿಚ್ಚಿದರೆ ಮಾತ್ರ ಅದು ಕಲೆ ಎಂದು ನನಗೆ ಪಾಠ ಹೇಳಬೇಡ.

ಇಷ್ಟು ಇಂಗ್ಲಿಷನ್ನು ನಾನು ಒಟ್ಟಿಗೆ ಎಂದೂ ಮಾತಾಡಿರಲಿಲ್ಲ. ವ್ಯಾಕರಣ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಕ್ಕನಿಗೆ ಒಂದು ಶಬ್ದವೂ ತಿಳಿಯಲಿಲ್ಲ, ಆದರೆ ನಾನು ಮುಗಿಸುವ ಮುಂಚೆಯೇ ಅವಳು ಕೌದಿ ಮಡಚಲು ಶುರುಮಾಡಿದ್ದಳು.

ಗಾಜಿನ ಬಾಗಿಲು

ಅಕ್ಕ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಮುಂದೆ, ನಾನು ಹಿಂದೆ, ಮೆಟ್ಟಿಲಿಳಿದು ಡಬ್ಬಿಗಳ ಕೋಣೆಯ ನಡುವೆಯೇ ಹೊರಟೆವು. ನೋಡುಗರು ಇದೂ ಪ್ರದರ್ಶನದ ಭಾಗವೆಂದು ತಿಳಿದು ಫೋಟೋ ಹೊಡೆದುಕೊಂಡರು. ಒಬ್ಬ ಅಜ್ಜಿ ಚಪ್ಪಾಳೆಯನ್ನೂ ತಟ್ಟಿದಳು.

ಹೊರಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಾಕಿದ. ಮೂಲೆಯ ನಂಬರಿನ ಚೀಟಿ ಅವನ ಕಣ್ಣಿಗೆ ಬಿದ್ದಿತ್ತು. ಕಲಾಕೃತಿ ಹೊರಗೆ ಹೋಗಬೇಕಾದರೆ ಸಹಿಯಾದ ಕಾಗದ ಬೇಕು ಎಂದ. ಇದು ನಮ್ಮದೇ ಎಂದೆ. ಹಾಗಾದರೆ ಇದು ನಿಮ್ಮ ಹೊದಿಕೆಯೋ ಕಲಾಕೃತಿಯೋ, ಹೊದಿಕೆಯಾದರೆ ಹೋಗಬಹುದು ಎಂದ. ಅಷ್ಟರಲ್ಲಿ ಆನ್ನೆಕೆ ಏದುಸಿರು ಬಿಡುತ್ತ ಬಂದಳು. ಬರೀ ಹೊದಿಕೆ ಅಂದುಬಿಡು, ಸುಲಭವಾಗುತ್ತದೆ ಎಂದು ಕಿವಿಯಲ್ಲಿ ಹೇಳಿದಳು.

ಸುಲಭವಾಗುತ್ತಿತ್ತು. ಒಂದು ಶಬ್ದ ನುಂಗಿದ್ದರೆ ಬಾಗಿಲು ತೆರೆಯುತ್ತಿತ್ತು. ಆದರೆ ಮೇಲಿನ ಮಹಡಿಯಲ್ಲಿ ಹೊಟ್ಟೆ ತುಂಬಿದೆ ಎಂದು ಅದು ಕಲೆಯಾಗಲಿಲ್ಲ, ಕೆಳಗಿನ ಬಾಗಿಲಲ್ಲಿ ಕಲೆ ಎಂದು ಹೊರಗೆ ಬಿಡುತ್ತಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಡುವುದು ನನ್ನ ಜಾಯಮಾನವಲ್ಲ. ನೆಲದ ಮೇಲೆ ಕೂತುಬಿಟ್ಟೆ. ಆ ನೆಲ ಕೆಂಪು ಗ್ರಾನೈಟಿನದು. ಇಳಕಲ್ಲಿನ ಕಲ್ಲು ಹಡಗು ಹತ್ತಿ ಲೋಕವೆಲ್ಲ ತಿರುಗುತ್ತದೆ. ಅದು ನಮ್ಮ ಊರಿನದೇ ಇರಬಹುದು, ಇಲ್ಲದಿರಬಹುದು. ನಮ್ಮದೇ ಎಂದು ತೀರ್ಮಾನಿಸಿ ಕೂತೆ. ಅಕ್ಕ ಏನು ಎತ್ತ ಕೇಳದೆ ಪಕ್ಕದಲ್ಲಿ ಕೂತಳು. ಅವಳಿಗೆ ವಿಷಯ ಹೇಳಿದಾಗ ಚೀಟಿಯ ದಾರವನ್ನು ಹಲ್ಲಿನಿಂದ ಕಟ್ಟನೆ ಕಡಿದು, ಚೀಟಿಯನ್ನು ಆನ್ನೆಕೆಯ ಅಂಗೈಯಲ್ಲಿಟ್ಟಳು.

"ನಂಬರ್ ನಿಮ್ಮದು, ಇಟ್ಕೋರಿ. ಕೌದಿ ನಮ್ಮದು. ಇದು ಹಾಸಿಗಿನೂ ಹೌದು, ನೀವು ಅಂತೀರಲ್ಲ ಅದೂ ಹೌದು. ಎರಡೂ ಅಂತ ಹೇಳಿ ಬಾಗಲಾ ತಗಸ್ರಿ. ಇಲ್ಲಂದ್ರ ನಾವು ಇಲ್ಲೇ ಕುಂದ್ರತೇವಿ. ನಮ್ಮ ಕಡೆ ರೊಟ್ಟಿ ಅದಾವ."

ಇದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಅನುವಾದಿಸಿದೆ. ಆನ್ನೆಕೆ ಚೀಟಿಯನ್ನು ಜೇಬಿಗೆ ಹಾಕಿಕೊಂಡಳು. ಆಮೇಲೆ ಕಾವಲುಗಾರನಿಗೆ ಡಚ್ ಭಾಷೆಯಲ್ಲಿ ಏನೋ ಹೇಳಿದಳು. ನನಗೆ ತಿಳಿಯಲಿಲ್ಲ, ನಮಗೆ ತಿಳಿಯುವ ಹಾಗೆ ಹೇಳು ಎಂದೆ. ಅವಳ ಕಣ್ಣು ತುಂಬಿತ್ತು. ನಾಚಿಕೆಯೋ ಸಿಟ್ಟೋ ಗೊತ್ತಿಲ್ಲ. ಇಂಗ್ಲಿಷಿನಲ್ಲಿ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಇದು ಕಲಾಕೃತಿ. ಇದು ಮನೆಗೆ ಹೋಗುತ್ತಿದೆ. ಒಂದು ಮಗು ಕಾಯುತ್ತಿದೆ."

ಕಾವಲುಗಾರ ಬಾಗಿಲು ತೆರೆದ. ಹಾಗೆ ತೆರೆಯಲು ಅವನ ನಿಯಮದಲ್ಲಿ ಅವಕಾಶವಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಹೊರಗೆ ಸಮುದ್ರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು, ಸಣ್ಣಗೆ ಹನಿಯುತ್ತಿತ್ತು. ಟ್ರಾಮ್ ನಿಲ್ಲುವ ಜಾಗಕ್ಕೆ ಮಾಡು ಇರಲಿಲ್ಲ. ಇಬ್ಬರೂ ಒಂದೇ ಕೌದಿಯನ್ನು ತಲೆಯ ಮೇಲೆ ಎಳೆದುಕೊಂಡು ನಿಂತೆವು. ಹೋಗಿಬರುವ ಸೈಕಲ್ಲಿನವರು ಹುಂಜಗಳನ್ನು ತಿರುಗಿ ತಿರುಗಿ ನೋಡಿದರು. ನನಗೆ ತಪ್ಪಿಹೋದ ಗೋಡೆ ಇದ್ದ ಕಟ್ಟಡದ ಕಡೆ ನಾನೂ ತಿರುಗಿ ನೋಡಿದೆ. ಅಕ್ಕ ನನ್ನ ಮುಖ ನೋಡಲಿಲ್ಲ. ಕೌದಿಯ ನಡುಭಾಗವನ್ನು ಹತ್ತಿರ ಎಳೆದುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಐತಿ," ಅಂದಳು.